‘ಕೋಣ?’ ಎಂದು ಕೇಳಿದಾಗ

ಗುಜರಾತಿಯಲ್ಲಿ ‘ಕೋಣ’ ಎಂದರೆ ‘ಯಾರು’. ಅಹಮದಾಬಾದಿಗೆ ಹೋದ ಹೊಸದರಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿದರೆ ಒಳಗಿನಿಂದ ‘ಕೋಣ?’ ಎನ್ನುವರು, ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಈಗ ಆ ಮಾತಿಗೆ ನಗು ಬರುವುದಿಲ್ಲ.

ತೊಂಬತ್ತರ ದಶಕದಲ್ಲಿ ಯಜಮಾನರಿಗೆ ರೈಲ್ವೆಯಲ್ಲಿ ವರ್ಗವಾಗಿ, ಹುಬ್ಬಳ್ಳಿಯಿಂದ ಹೋಗಿ ಅಹಮದಾಬಾದಿನ ಮಣಿನಗರದಲ್ಲಿದ್ದೆವು. ಹಿಂದಿನ ಬೀದಿಯಲ್ಲೊಂದು ಪ್ರಾಥಮಿಕ ಶಾಲೆ. ವಾರಕ್ಕೆರಡು ದಿನ ಮಕ್ಕಳಿಗೆ ಒಳ್ಳೆಯ ನಡತೆಯ ಕತೆ ಹೇಳಲು ಬನ್ನಿ ಎಂದು ಹೆಡ್‌ಮಾಸ್ತರರು ಓಣಿಯ ಹೆಂಗಸರನ್ನು ಕೇಳಿಕೊಂಡರು. ಉಳಿದವರು ನಾಲ್ಕು ದಿನ ಬಂದು ಬಿಟ್ಟರು. ನಾನು ದೇವರ ಸೇವೆ ಎಂದುಕೊಂಡು ಹೋಗುತ್ತಲೇ ಇದ್ದೆ.

ನನಗೆ ಸಿಕ್ಕಿದ್ದು ನಾಲ್ಕನೆಯ ತರಗತಿ. ಕೊನೆಯ ಸಾಲಿನಲ್ಲಿ ರೈಲು ಗೇಟಿನಾಚೆಯ ಮುಸಲ್ಮಾನರ ಕೇರಿಯಿಂದ ಬರುವ ಏಳು ಹುಡುಗರು. ಊರಲ್ಲಿ ಕರ್ಫ್ಯೂ ಬಿದ್ದಾಗಲೆಲ್ಲ ಅವರಲ್ಲಿ ಒಬ್ಬಿಬ್ಬರು ಶಾಲೆ ಬಿಡುತ್ತಿದ್ದರಂತೆ. ‘ಅವರಿಗಾಗಿ ಗಂಟಲು ಯಾಕೆ ಹರಕೊಳ್ತೀರಿ ಬೆನ್?’ ಎಂದು ತರಗತಿಯ ಟೀಚರು ಮೊದಲ ದಿನವೇ ಹೇಳಿದರು. ಬೆನ್ ಎಂದರೆ ಅಕ್ಕ; ಅಲ್ಲಿ ಎಲ್ಲ ಹೆಂಗಸರೂ ಬೆನ್.

ಒಂದು ದಿನ ಸತ್ಯ ಹೇಳುವುದರ ಕತೆ ಮುಗಿಸಿ, ತಪ್ಪು ಮಾಡಿದ್ದನ್ನು ಒಪ್ಪಿಕೊಳ್ಳುವವರು ಯಾರು ಎಂದು ಕೇಳಬೇಕಿತ್ತು. ‘ಕೋಣ?’ ಎಂದವಳೇ ನಗು ತಡೆಯಲಾರದೆ ಕೂತುಬಿಟ್ಟೆ. ಯಾಕೆಂದು ಹೇಳುವ ತನಕ ಮಕ್ಕಳು ಬಿಡಲಿಲ್ಲ. ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ, ‘ನಮ್ಮ ಕನ್ನಡದಲ್ಲಿ ಕೋಣ ಅಂದರೆ ಇದು, ಎಮ್ಮೆಯ ಗಂಡ’ ಎಂದೆ. ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ತಾನೂ ಕೊಂಬು ಇಟ್ಟುಕೊಂಡ.

‘ಬೆನ್, ಹೂಂ ಕೋಣ! ನಿನ್ನೆ ಇವನ ಪೆನ್ಸಿಲ್ ಎತ್ತಿದ್ದು ನಾನು.’

ಅವರ ‘ಹೂಂ’ ಎಂದರೆ ನಾನು. ನಮ್ಮ ‘ಹೂಂ’ ಎಂದರೆ ಒಪ್ಪಿದೆ. ಎರಡೂ ಸೇರಿ ಚೆನ್ನಾಗಿಯೇ ಇತ್ತು. ಪೆನ್ಸಿಲ್ ಹಿಂದಿರುಗಿತು. ಅಂದಿನ ಗಂಟೆ ಹೊಡೆಯುವ ಕೆಲಸವನ್ನು ಅವನಿಗೇ ಕೊಡಿಸಿದೆ.

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ನಾನು ‘ಕೋಣ?’ ಎನ್ನುವುದು, ತಪ್ಪು ಮಾಡಿದವನು ಕೊಂಬು ತೋರಿಸುವುದು. ನಿಜ ಹೇಳಿದವನಿಗೆ ಏಟಿಲ್ಲ, ಗಂಟೆ ಹೊಡೆಯುವ ಗೌರವ. ಹಾಗೆಂದು ಮಾತು ಕೊಟ್ಟವಳು ನಾನು. ‘ಬೆನ್, ಇವನು ತಪ್ಪೇ ಮಾಡಿಲ್ಲ, ಗಂಟೆ ಆಸೆಗೆ ಕೊಂಬು ತೋರಿಸ್ತಾನೆ!’ ಎಂಬ ದೂರುಗಳೂ ಬರತೊಡಗಿದವು. ಏಳು ಹುಡುಗರೂ ತಪ್ಪದೆ ಬಂದರು. ಪೆನ್ಸಿಲಿನ ಹುಡುಗನಂತೂ ಮನೆಯಲ್ಲಿ ಗಾಳಿಪಟ ಅಂಟಿಸುವ ಕೆಲಸ ಮುಗಿಸಿ, ಬೆರಳಲ್ಲಿ ಒಣಗಿದ ಅಂಟಿನ ಸಮೇತ ಎಲ್ಲರಿಗಿಂತ ಮೊದಲು ಹಾಜರು. ಮುಂದಿನ ಸಾಲಿಗೆ ಬಂದ. ತಡವರಿಸದೆ ಓದಲು ಕಲಿತ. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಚಳಿಗಾಲದ ಒಂದು ಬೆಳಿಗ್ಗೆ ನಾನು ಶಾಲೆಯ ಗೇಟು ದಾಟುವಾಗ ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಚೆಂಡು ಬಡಿದು ಸರಸ್ವತಿಯ ಪಟದ ಗಾಜು ಒಡೆದಿತ್ತು. ಹೆಡ್‌ಮಾಸ್ತರರು ಗುಡುಗಿದರು: ‘ಕೋಣ?’

ಪೆನ್ಸಿಲಿನ ಹುಡುಗ ನನ್ನ ಕಡೆ ಒಮ್ಮೆ ನೋಡಿದ. ಒಂದು ಹೆಜ್ಜೆ ಮುಂದೆ ಬಂದು, ತಲೆಯ ಮೇಲೆ ಎರಡು ಬೆರಳಿಟ್ಟು, ನಗುತ್ತಲೇ ‘ಹೂಂ ಕೋಣ’ ಎಂದ.

ಕೆನ್ನೆಗೆ ಏಟು ಬಿದ್ದಾಗ ಅವನ ಬೆರಳುಗಳು ಇನ್ನೂ ತಲೆಯ ಮೇಲೇ ಇದ್ದವು.

‘ದೇವರ ಪಟ ಒಡೆದು ಅಣಕಿಸ್ತೀಯಾ? ಯಾರು ಕಲಿಸಿದರು ನಿನಗೆ ಇದನ್ನ?’

ಅವನು ಅಳಲಿಲ್ಲ. ನನ್ನ ಕಡೆ ಬೆರಳು ತೋರಿಸಲೂ ಇಲ್ಲ. ಬರೀ ನೋಡುತ್ತಿದ್ದ.

‘ನಾನು’ ಎನ್ನಬೇಕಿತ್ತು. ಗುಜರಾತಿ ಬಾಯಿಗೆ ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ‘ಹೂಂ’ ಎನ್ನಲು ಎಷ್ಟು ಗುಜರಾತಿ ಬೇಕು? ಅಷ್ಟು ಜನ, ಒಡೆದ ಪಟ, ಹೆಡ್‌ಮಾಸ್ತರರ ಮುಖ. ಹೆದರಿದೆ, ಅಷ್ಟೇ. ಸರಸ್ವತಿ ತಾಯಿ ಒಂದು ಗಾಜನ್ನು ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ. ನನ್ನ ಮೌನವನ್ನು ಹಚ್ಚಿಕೊಂಡಿರಬೇಕು.

ಮಧ್ಯಾಹ್ನ ಧೈರ್ಯ ಮಾಡಿ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ. ‘ಇಷ್ಟು ಹೊತ್ತು ಎಲ್ಲಿದ್ದಿರಿ ಬೆನ್? ಅವನಪ್ಪ ಬಂದು ಕರಕೊಂಡು ಹೋದ’ ಎಂದರು.

ಮನೆಯಲ್ಲಿ ಯಜಮಾನರು ಕೇಳಿಸಿಕೊಂಡು, ‘ನಿನ್ನ ಕತಿ ಆ ಹುಡುಗ ಕಲತಾ, ನೀ ಕಲೀಲಿಲ್ಲ ನೋಡು’ ಎಂದರು. ಸಿಟ್ಟಿಗಲ್ಲ. ಭಾನುವಾರ ಅವರೇ ನನ್ನನ್ನು ರೈಲು ಗೇಟಿನಾಚೆಗೆ ಕರೆದುಕೊಂಡು ಹೋದರು. ಅದೂ ಒಂದು ಪುಣ್ಯ.

ಹುಡುಗನ ತಾಯಿ ಬಾಗಿಲಲ್ಲಿ ಕೂತು ಗಾಳಿಪಟಕ್ಕೆ ಅಂಟು ಹಚ್ಚುತ್ತಿದ್ದಳು. ‘ಸೂರತ್‌ಗೆ ಕಳಿಸಿದೆವು ಬೆನ್, ಮಾಮನ ಹತ್ತಿರ ಜರಿ ಕೆಲಸ ಕಲೀಲಿ ಅಂತ. ನಿಜ ಹೇಳಿದ್ದಕ್ಕೆ ಹೊಡೆದರು ಅಂದ. ನಿಜ ಹೇಳಿದರೆ ಯಾರಾದರೂ ಹೊಡೀತಾರಾ ಅಂತ ಅವರಪ್ಪ ಇನ್ನೆರಡು ಕೊಟ್ಟರು.’

‘ಅವನು ಹೇಳಿದ್ದು ನಿಜ. ಕೊಂಬು ಕಲಿಸಿದವಳು ನಾನು’ ಎಂದೆ.

ಅವಳ ಕೈ ನಿಂತಿತು. ಬೈಯಲಿಲ್ಲ. ಒಳಗೆ ಹೋಗಿ ನೀರು ತಂದು ಕೊಟ್ಟಳು, ಕುಡಿದೆ. ‘ಇದನ್ನ ಅವನಿಗೇ ಬರೆದುಬಿಡಿ’ ಎಂದಳು. ‘ಓದಲು ಬರುತ್ತದಲ್ಲ ಈಗ.’

ಸೂರತ್‌ನ ವಿಳಾಸಕ್ಕೆ ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದು, ಶಾಲೆಗೆ ಬಾ ಮಗಾ ಎಂದು ಬೇಡಿಕೊಂಡು, ಕೊನೆಗೆ ನನ್ನ ಸೊಟ್ಟ ಗುಜರಾತಿ ಅಕ್ಷರದಲ್ಲಿ ‘ಹೂಂ ಕೋಣ’ ಎಂದು ಸಹಿ ಹಾಕಿ, ಮೇಲೆ ಎರಡು ಕೊಂಬು ಬರೆದೆ.

ಅವನು ಬರಲಿಲ್ಲ. ಉತ್ತರವೂ ಬರಲಿಲ್ಲ. ಕಾಗದ ಮಾತ್ರ ವಾಪಸ್ಸು ಬರಲಿಲ್ಲ. ದೇವರು ಅಷ್ಟು ದಯೆ ತೋರಿಸಿದ.