ತ್ರಿಪುರಸುಂದರಿ ಆಂಟಿಯ ಸ್ಲೈಡ್ ಟ್ರೇ

ತ್ರಿಪುರಸುಂದರಿ ಆಂಟಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಮೂಗು ಅರಳುತ್ತಿತ್ತು. ಮೂಗಿನ ಜೊತೆ ಮೂಗುಬೊಟ್ಟೂ ಒಂದು ಸಲ ಮಿಂಚುತ್ತಿತ್ತು. ಜರ್ಸಿ ಸಿಟಿಯ ಆಸ್ಪತ್ರೆಯಲ್ಲಿ ಅವರ ಜೊತೆ ಎಕ್ಸ್‌ರೇ ತೆಗೆಯುತ್ತಿದ್ದವರಿಗೆಲ್ಲ ಈ ಮಿಂಚು ಗೊತ್ತಿತ್ತು, ಕಂಡ ಕೂಡಲೇ ಸುಮ್ಮನೆ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಎಪ್ಪತ್ತಮೂರರ ವಸಂತದಲ್ಲಿ ಮಾತ್ರ ಅದು ಮಿಂಚಿದ್ದೆಲ್ಲ ಕನ್ನಡ ಸಂಘದವರ ಮೇಲೆ. ಪಾಪ, ಅವರಿಗೆ ಅದು ಕಾಣಿಸಲೇ ಇಲ್ಲ.

ವಿಷಯ ಇಷ್ಟೇ. ಮೈಸೂರಿನಲ್ಲಿ ಶೈಲಮ್ಮ ಅನ್ನುವವರು ಕಿವಿ ಕೇಳದ ಮಕ್ಕಳಿಗೆ ಪುಟ್ಟ ಶಾಲೆ ನಡೆಸುತ್ತಿದ್ದರು. ಹಿಂದಿನ ಡಿಸೆಂಬರಿನಲ್ಲಿ ತವರಿಗೆ ಹೋದಾಗ ಆಂಟಿ, ಗಂಡ ದಿವಾಕರ ಅಂಕಲ್ಲಿನ ಕ್ಯಾಮೆರಾ ಹಿಡಿದು ಆ ಶಾಲೆಯಲ್ಲಿ ಕೂತು, ಪರದೆಯ ಮೇಲೆ ದೊಡ್ಡದಾಗಿ ಬಿಟ್ಟು ತೋರಿಸುವ ಸ್ಲೈಡ್ ಫೋಟೊ ತೆಗೆದಿದ್ದರು. ಹೊರಡುವಾಗ ಶೈಲಮ್ಮ ಸಂಕೋಚದಿಂದಲೇ ಬಾಯಿ ಬಿಟ್ಟಿದ್ದರು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಭಾನುಮತಿ ಟೀಚರಿನ ವರ್ಷದ ಸಂಬಳ ಹೊಂದಿಸದಿದ್ದರೆ ಅವರನ್ನು ಬಿಡಿಸಬೇಕು, ಚಿಕ್ಕ ಮಕ್ಕಳ ಕ್ಲಾಸು ಮುಚ್ಚಬೇಕು. "ನಾನು ನೋಡ್ಕೋತೀನಿ ಬಿಡಿ" ಅಂದುಬಿಟ್ಟಿದ್ದರು ಆಂಟಿ.

ಯುಗಾದಿ ಊಟದ ದಿನ ಸ್ಲೈಡ್ ಶೋ ಮಾಡಿ ದುಡ್ಡು ಎತ್ತೋಣ ಅಂದಾಗ ಸಂಘದಲ್ಲಿ ಎಲ್ಲರೂ ಭೇಷ್ ಅಂದರು. ಪೀಕಲಾಟ ಶುರುವಾದದ್ದು ಆಮೇಲೆ.

"ಎಷ್ಟು ಸ್ಲೈಡ್ ಇಟ್ಟಿದೀರಿ?" ಅಂತ ಕೇಳಿದರು ಡಾಕ್ಟರ್ ಶಂಕರನಾರಾಯಣ. ಪಾರ್ಸಿಪನಿಯಲ್ಲಿ ಮನೆ, ಹೊಸ ಜಪಾನಿ ಕ್ಯಾಮೆರಾ.

"ಇಪ್ಪತ್ತು, ಇಪ್ಪತ್ತೆರಡು."

"ಪ್ರೊಜೆಕ್ಟರಿನ ಟ್ರೇನಲ್ಲಿ ನೂರನಲವತ್ತು ಜಾಗ ಇದೆಯಲ್ರೀ. ಖಾಲಿ ಯಾಕೆ ಓಡಿಸ್ತೀರಿ? ನಂದು ಜೋಗದ್ದಿದೆ, ಸೋಮನಾಥಪುರದ್ದಿದೆ. ಸ್ವಲ್ಪ ನಮ್ಮ ಸಂಸ್ಕೃತಿನೂ ಬರಲಿ."

"ಡಾಕ್ಟ್ರೇ, ಅದೇನು ಕೆ.ಆರ್. ಮಾರ್ಕೆಟ್ಟಿನ ಬಸ್ಸಾ, ಸೀಟು ತುಂಬೋ ತನಕ ಬಿಡದೇ ಇರೋಕೆ?"

ಎಲ್ಲರೂ ನಕ್ಕರು, ನಕ್ಕು ಸ್ಲೈಡು ಕೊಟ್ಟೇಬಿಟ್ಟರು. ಮೊದಲು ಗಣಪತಿ ಬರಲೇಬೇಕು ಅಂದರು ಒಬ್ಬರು. ಸಂಘದ ಅಧ್ಯಕ್ಷರಾದ ಧಾರವಾಡದ ಬಸವಲಿಂಗಪ್ಪನವರು ಕಮಿಟಿಯ ಪ್ರತಿ ಸದಸ್ಯರದ್ದೂ ಒಂದೊಂದು ಫೋಟೊ ಇರಲಿ ಅಂದರು. "ಒಬ್ಬರದು ಹಾಕಿ ಒಬ್ಬರದು ಬಿಟ್ರ ಮುಂದ ಯಾರೂ ಮಾತಾಡಂಗಿಲ್ಲ ನೋಡವಾ ತಂಗಿ." ಒಬ್ಬೊಬ್ಬರೇ ಬಂದರೆ ಸರಿ ಕಾಣುವುದಿಲ್ಲ ಅಂತ ಹೆಂಡತಿ ಮಕ್ಕಳೂ ಸೇರಿಕೊಂಡರು. ಒಬ್ಬರಂತೂ ನಯಾಗರಾ ಮುಂದೆ ನಿಂತಿದ್ದ ಫೋಟೊ ಕಳಿಸಿದರು.

ಎಕ್ಸ್‌ರೇ ಫಿಲಂ ನೋಡುವ ಬೆಳಕಿನ ಪೆಟ್ಟಿಗೆಯ ಮೇಲೆ ಅಷ್ಟನ್ನೂ ಹರಡಿಕೊಂಡು ಆಂಟಿ ಮಧ್ಯಾಹ್ನದ ಊಟ ಬಿಟ್ಟು ಜೋಡಿಸಿದರು. ಜೊತೆಯ ನರ್ಸ್ ಬಗ್ಗಿ ನೋಡಿ, ಯಾರದ್ದೋ ಮದುವೆಯಾ ಅಂತ ಕೇಳಿದಳು.

ಯುಗಾದಿಯ ದಿನ ಇನ್ನೊಂದು ಅವಾಂತರ. ದೂರದಿಂದ ಡ್ರೈವ್ ಮಾಡಿಕೊಂಡು ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುವುದೇ ಅಂತ ಹೆಂಗಸರೆಲ್ಲ ಸೇರಿ ಊಟ ಮೊದಲು ಬಡಿಸಿಬಿಟ್ಟರು. ಒಬ್ಬಟ್ಟು, ಬಿಸಿಬೇಳೆ ಭಾತು, ಮೇಲೆ ಮೊಸರನ್ನ. ಆಮೇಲೆ ಲೈಟ್ ಆರಿಸಿದರೆ ಕೇಳಬೇಕೆ? ಜೋಗ ಧುಮುಕುವಾಗಲೇ ಮೊದಲ ಗೊರಕೆ ಕೇಳಿಸಿತು. ಮಕ್ಕಳು ಪ್ರೊಜೆಕ್ಟರಿನ ಬೆಳಕಿಗೆ ಕೈ ಹಿಡಿದು ಬೆಡ್‌ಶೀಟಿನ ಪರದೆಯ ಮೇಲೆ ಮೊಲ ಕುಣಿಸಿದರು. ಪರದೆಯ ಮೇಲೆ ಕಮಿಟಿಯವರು ಬಂದಾಗ ಮಾತ್ರ ಎಲ್ಲರೂ ಎಚ್ಚರವಾಗಿ, "ನೋಡೇ, ಎಷ್ಟು ದಪ್ಪ ಆಗಿದಾನೆ" ಅಂದರು. ಶಾಲೆ ಬಂದದ್ದು ತೊಂಬತ್ತು ಸ್ಲೈಡ್ ಆದ ಮೇಲೆ. ಮೊದಲು ಕಟ್ಟಡ, ಆಮೇಲೆ ಹಾರ ಹಾಕಿಸಿಕೊಳ್ಳುತ್ತಿದ್ದ ಗಣ್ಯರು. ಮಕ್ಕಳು ಬರುವ ಹೊತ್ತಿಗೆ ನ್ಯೂಯಾರ್ಕಿನಿಂದ ಬಂದವರು ಹೊರಡಲು ಕೋಟು ಹಾಕಿಕೊಂಡಾಗಿತ್ತು.

ಕೊನೆಯಲ್ಲಿ ಬಸವಲಿಂಗಪ್ಪನವರು ವಂದನಾರ್ಪಣೆ ಮಾಡಿದರು. ದುಡ್ಡಿನ ಮಾತು ಎತ್ತಲೇ ಇಲ್ಲ. ಬಾಗಿಲ ಹತ್ತಿರ ಇಟ್ಟಿದ್ದ ಡಬ್ಬಿಗೆ ಕೆಲವರು ಒಂದೆರಡು ಡಾಲರ್ ಹಾಕಿ, "ಊಟ ತುಂಬಾ ಚೆನ್ನಾಗಿತ್ತು" ಅಂದು ಹೋದರು.

"ಕೇಳೇ ಇಲ್ವಲ್ಲ ನೀವು" ಅಂದರು ಆಂಟಿ ಬಸವಲಿಂಗಪ್ಪನವರಿಗೆ, ಚೇರು ಮಡಚುತ್ತ.

"ಏನು ಕೇಳೂದು?"

"ದುಡ್ಡು. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ಅಲ್ಲವಾ, ಊಟಕ್ಕ ಕರದು ರೊಕ್ಕ ಕೇಳಿದ್ರ ಮರ್ಯಾದಿ ಉಳೀತೈತೇನು? ತಿಳಕೊಂಡು ಅವರ ಕೊಡಬೇಕು."

ಮೂಗುಬೊಟ್ಟು ಮಿಂಚಿತು. "ನಮ್ಮಪ್ಪ ಮೈಸೂರಲ್ಲಿ ವಾರಾನ್ನ ಉಂಡು ಓದಿದ್ದು. ಮನೆ ಮನೆಗೆ ಹೋಗಿ, ಗುರುವಾರ ಖಾಲಿ ಇದೆ ತಾಯಿ, ಹಾಕ್ತೀರಾ ಅಂತ ಕೇಳ್ತಿದ್ರು. ಅವ್ರ ಮರ್ಯಾದೆ ಏನೂ ಹೋಗಲಿಲ್ಲ. ಕೇಳದೇ ಇದ್ದಿದ್ರೆ ಹೊಟ್ಟೆ ಹೋಗ್ತಿತ್ತು."

ಬಸವಲಿಂಗಪ್ಪನವರು ಸುಮಾರು ಹೊತ್ತು ಚೇರು ಮಡಚಿದರು. ಆಮೇಲೆ, "ನಾನೂ ಮಠದ ಬೋರ್ಡಿಂಗಿನ್ಯಾಗ ಉಂಡಾಂವನ. ಸ್ವಾಮಿಗೋಳು ಜೋಳಿಗಿ ಹಿಡದು ತಂದ ಜ್ವಾಳ ಅದು" ಅಂದರು. "ಇನ್ನೊಮ್ಮೆ ತೋರಸು. ಕೇಳೂದು ಮಾತ್ರ ನೀನ ಕೇಳು. ನನ್ನ ಕೈಲೆ ಆಗಂಗಿಲ್ಲ."

ಇನ್ನೊಮ್ಮೆ ಅಂದರೆ ಮೇ ತಿಂಗಳ ಕೊನೆ, ಶಂಕರನಾರಾಯಣರ ಮನೆಯ ಬೇಸ್‌ಮೆಂಟು. ಶಾಲೆ ತೆರೆಯಲು ದಿನಗಳಷ್ಟೇ ಉಳಿದಿದ್ದವು. ಆಂಟಿ ಟ್ರೇ ಬಗ್ಗಿಸಿ ಎಲ್ಲವನ್ನೂ ಚೀಲಕ್ಕೆ ಸುರಿದು, ಬೇಕಾದಷ್ಟನ್ನೇ ಮತ್ತೆ ಜೋಡಿಸಿದ್ದರು. ಗಣಪತಿಗೆ ಮನಸ್ಸಿನಲ್ಲೇ ಕೈ ಮುಗಿದು ಅವನನ್ನೂ ತೆಗೆದಿದ್ದರು. ಡಾಕ್ಟರ್ ತಮ್ಮದೇ ಮನೆಯಲ್ಲವೇ ಅಂತ ಜೇಬಿನಿಂದ ನಾಲ್ಕು ಸ್ಲೈಡ್ ತೆಗೆಯುವಷ್ಟರಲ್ಲಿ, ಆಂಟಿ ಟ್ರೇಗೆ ಮುಚ್ಚಳ ಹಾಕಿ ಅದರ ಮೇಲೆ ಮೊಣಕೈ ಊರಿದರು. ಮೇಲೆ ಅಡುಗೆ ಮನೆಗೂ ದಿವಾಕರ ಅಂಕಲ್ಲನ್ನು ಕಾವಲು ಹಾಕಿದ್ದರು. ಒಗ್ಗರಣೆಯ ಘಮ ಕೆಳಗೆ ಇಳಿಯುತ್ತಿತ್ತು, ತಟ್ಟೆ ಇಳಿಯಲಿಲ್ಲ.

ಈ ಸಲ ಒಂದೇ ಹುಡುಗಿ, ಆರು ವರ್ಷದ ವಿಜಿ. ಭಾನುಮತಿ ಟೀಚರ್ ಬಾಯಿಯ ಮುಂದೆ ಕಾಗದದ ಚೂರು ಹಿಡಿದು "ಪ" ಅನ್ನುತ್ತಾರೆ, ಕಾಗದ ಹಾರುತ್ತದೆ. ಮುಂದಿನ ಸ್ಲೈಡಿನಲ್ಲಿ ವಿಜಿಯ ಬಾಯಿಯ ಮುಂದೆ ಕಾಗದ, ಅಲ್ಲಾಡುವುದಿಲ್ಲ. ಮತ್ತೆ ಕ್ಲಿಕ್, ಅಲ್ಲಾಡುವುದಿಲ್ಲ. ಕೆನ್ನೆ ಉಬ್ಬಿದೆ, ಹುಬ್ಬು ಗಂಟಾಗಿದೆ. ಇನ್ನೊಂದು. ಯಾರೋ ಹಿಂದಿನಿಂದ ತಾವೇ ಮೆಲ್ಲಗೆ "ಪ" ಅಂದರು. ಆಮೇಲಿನದರಲ್ಲಿ ಕಾಗದ ಓರೆಯಾಗಿ ಎದ್ದಿತ್ತು, ವಿಜಿ ಕಾಗದ ಬಿಟ್ಟು ಟೀಚರ್ ಮುಖ ನೋಡುತ್ತಿದ್ದಳು.

ಆಂಟಿ ಲೈಟ್ ಹಾಕಿ, ನೇರವಾಗಿ ಕೇಳಿದರು. "ಈ ಒಂದು ಅಕ್ಷರಕ್ಕೆ ಇವ್ರಿಬ್ಬರಿಗೆ ಒಂದು ವರ್ಷ ಹಿಡೀತು. ಜೂನ್‌ನಿಂದ ಭಾನುಮತಿಗೆ ಸಂಬಳ ಇಲ್ಲ. ವಾರಾನ್ನ ಹಾಕ್ತಿದ್ರಲ್ಲ, ಹಾಗೆ ಒಂದೊಂದು ಮನೆ ಒಂದೊಂದು ತಿಂಗಳು ವಹಿಸ್ಕೊಳ್ಳಿ. ಯಾವ ತಿಂಗಳು ಯಾರದು?"

ಆಂಟಿ ಕಾಗದ, ಪೆನ್ನು ತೆಗೆದರು.

"ನಮಗೆ ಶ್ರಾವಣ ಇರಲಿ" ಅಂದರು ಡಾಕ್ಟರ ಹೆಂಡತಿ ಉಷಾ.

"ಶ್ರಾವಣ ನಾನು ಮನಸ್ಸಲ್ಲೇ ಅಂದ್ಕೊಂಡಿದ್ದೆ" ಅಂದರು ಪಕ್ಕದ ಪದ್ಮಜಾ.

ಅಷ್ಟೇ, ಸಂತೆ ಶುರುವಾಯಿತು. ಕಾರ್ತೀಕಕ್ಕೆ ಇಬ್ಬರು, ಚೈತ್ರಕ್ಕೆ ಮೂವರು. ಹಿರಿಯರು ಅನ್ನುವ ಕಾರಣಕ್ಕೆ ಶ್ರಾವಣ ಪದ್ಮಜಾ ಪಾಲಾಯಿತು, ಉಷಾ ಮುಖ ಊದಿಸಿಕೊಂಡರು. ಜ್ಯೇಷ್ಠ ಬಸವಲಿಂಗಪ್ಪನವರದು. ಎಲ್ಲ ಹಂಚಿಹೋಗಿ ಕೊನೆಗೆ ಉಳಿದದ್ದು ಆಷಾಢ. ಕೇಳಿದರೆ ಎಲ್ಲರೂ ಕಾರ್ಪೆಟ್ ನೋಡತೊಡಗಿದರು.

"ಆಷಾಢದಲ್ಲಿ ಒಳ್ಳೇ ಕೆಲ್ಸ ಶುರು ಮಾಡಬಾರದು ಸುಂದರಿ" ಅಂದರು ಪದ್ಮಜಾ, ಬುದ್ಧಿ ಹೇಳುವವರ ಹಾಗೆ.

"ಭಾನುಮತಿ ಆಷಾಢದಲ್ಲೂ ಊಟ ಮಾಡ್ತಾಳೆ ಪದ್ಮಕ್ಕ."

ಆಂಟಿಯ ಮೂಗು ಅರಳಿತು. ಒಂದು ಉಸಿರು ಎಳೆದುಕೊಂಡು, ಬೇರೆ ಏನನ್ನೋ ಕೇಳುವವರ ಹಾಗೆ ಕೇಳಿದರು: "ಸರಿ. ಜುಲೈ ಯಾರು ತಗೋತೀರಿ?"

"ಜುಲೈ ಖಾಲಿ ಇದ್ಯಾ? ನಮಗಿರಲಿ" ಅಂದರು ಉಷಾ, ತಟ್ಟನೆ.

ಆಂಟಿ ಬರೆದುಕೊಂಡರು. ಅಷ್ಟರಲ್ಲಿ ಕೆಳಗೆ ಇಳಿದಿದ್ದ ದಿವಾಕರ ಅಂಕಲ್ ಏನೋ ಹೇಳಲು ಬಾಯಿ ತೆರೆದವರು ಮೂಗುಬೊಟ್ಟು ಕಂಡು ಮುಚ್ಚಿದರು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಶೈಲಮ್ಮನಿಗೆ ತಂತಿ ಹೋಯಿತು, ಭಾನುಮತಿಯನ್ನು ಬಿಡಿಸಬೇಡಿ ಅಂತ.

ಹತ್ತಾರು ದಿನ ಬಿಟ್ಟು ಉಷಾ ಫೋನ್ ಮಾಡಿದರು.

"ಪಂಚಾಂಗ ನೋಡ್ದೆ ಕಣ್ರೀ. ಜುಲೈ ಪೂರ್ತಿ ಆಷಾಢ."

"ಹೌದು."

"ಗೊತ್ತಿದ್ದೂ ಹೇಳಲಿಲ್ವಲ್ಲ ನೀವು."

"ಹೇಳಿದ್ರೆ ತಗೋತಿದ್ರಾ?"

ಆಂಟಿ ಫೋನಿನ ವೈರು ಬೆರಳಿಗೆ ಸುತ್ತಿಕೊಂಡು, ಒಂದು ತಿಂಗಳ ಸಂಬಳ ತಾವೇ ಕೈಯಿಂದ ಹಾಕುವುದಾದರೆ ಯಾವ ಖರ್ಚು ಬಿಡಬೇಕು ಅಂತ ಲೆಕ್ಕ ಹಾಕುತ್ತ ನಿಂತರು.

"ಒಂದ್ಕೆಲ್ಸ ಮಾಡ್ತೀನಿ" ಅಂದರು ಉಷಾ. "ಚೆಕ್ಕಿಗೆ ಜೂನ್ ತಾರೀಕೇ ಹಾಕ್ತೀನಿ. ಮೂವತ್ತು ಬೇಡ, ಅಮಾವಾಸ್ಯೆ. ಇಪ್ಪತ್ತೊಂಬತ್ತು ಹಾಕ್ಲಾ?"

"ಯಾವ ತಾರೀಕಾದ್ರೂ ಹಾಕಿ ಉಷಾ" ಅಂದರು ಆಂಟಿ. "ಹಾಕಿ."