ಹಕ್ಕರಕಿಗೆ ಧೂಳಿನ ಕೊಡೆ

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ ಏಳೂ ಹತ್ತಕ್ಕೆ ಬರೆಯಲು ಕೂತೆ. ಅದಕ್ಕೂ ಮೊದಲು ಹಿತ್ತಲಿಗೆ ಹೋಗಿ ನಮ್ಮ ಪುಟ್ಟ ಹಸಿರುಮನೆಯ ಪ್ಲಾಸ್ಟಿಕ್ ಮಾಡಿನ ಮೇಲೆ ಒಂದು ಬೆರಳು ಎಳೆದು ನೋಡಿದೆ. ಬೆರಳು ಸ್ವಚ್ಛವಾಗಿಯೇ ಬಂತು. ಬೇಜಾರಾಯಿತು. ಅದಿರಿನ ಲಾರಿಗಳು ಓಡಾಡುವ ಗೋವಾದ ಈ ಕುಡಚಡೆಯಲ್ಲಿ ಧೂಳಿಲ್ಲವೆಂದು ಬೇಜಾರು ಮಾಡಿಕೊಳ್ಳುವವಳು ಬಹುಶಃ ನಾನೊಬ್ಬಳೇ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಎರಡು ವರ್ಷದ ಹಿಂದೆ ದೀಪಾವಳಿ ಮುಗಿದ ಮೇಲೆ ಅಪ್ಪನ ಅಕ್ಕ, ನನ್ನ ಅತ್ತಿ, ಧಾರವಾಡದಿಂದ ನಮ್ಮ ಮನೆಗೆ ಬಂದಳು. ಗಣಿತದ ಟೀಚರ್ ಆಗಿದ್ದವಳು, ಆಗಷ್ಟೇ ನಿವೃತ್ತಿಯಾಗಿತ್ತು. "ಯುಗಾದಿ ತನಕ ಇದ್ದು ನೋಡ್ತೀನಿ. ಹೊಂದಿದ್ರ ಇರ್ತೀನಿ, ಇಲ್ಲಂದ್ರ ಹೊಳ್ಳಿ ಹೋಗ್ತೀನಿ" ಎಂದು ಬಾಗಿಲಲ್ಲೇ ಶರತ್ತು ಹಾಕಿದಳು. ಅವಳ ಜೊತೆಗೆ ಒಂದು ತಗಡಿನ ಟ್ರಂಕು. ನನ್ನ ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿಕೊಟ್ಟೆ. ಅವಳು ದಿನಾ ಟ್ರಂಕಿನಿಂದಲೇ ಸೀರೆ ತೆಗೆದು, ಮತ್ತೆ ಚಿಲಕ ಹಾಕುತ್ತಿದ್ದಳು. ಆ ಚಿಲಕದ ಸದ್ದು ಕೇಳಿದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕೂತಂತೆ ಅನ್ನಿಸುತ್ತಿತ್ತು.

ಅವಳು ಹೋಗುವುದು ನನಗೆ ಬೇಡವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿ ಊಟದ ಹೊತ್ತಿಗೆ ಟಿವಿ ಮಾತ್ರ ಮಾತಾಡುತ್ತಿತ್ತು. ಅತ್ತಿ ಬಂದ ಮೇಲೆ ಟಿವಿಗೆ ಬಾಯಿ ಬಿಡುವ ಅವಕಾಶವೇ ಸಿಗಲಿಲ್ಲ.

ಅವಳ ತಕರಾರು ಒಂದೇ. ಹಕ್ಕರಕಿ. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು, ತುಸು ಕಹಿ. ಇಲ್ಲಿಯ ಬಜಾರಿನಲ್ಲಿ ಸಿಗುವುದಿಲ್ಲ. ಊರಿಂದ ಬೀಜ ತರಿಸಿ ಹಿತ್ತಲಲ್ಲಿ ಚೆಲ್ಲಿದೆ. ಎಲೆ ಬಂತು, ಅದರ ಮೇಲೆ ಕೆಂಪು ಧೂಳೂ ಬಂತು. ಎಷ್ಟು ತೊಳೆದರೂ ಹಲ್ಲಿಗೆ ಕರಕರ.

"ಇದೇನ ತಂಗಿ, ಗಣಿ ತಿಂದಂಗ ಆಗಾಕತ್ತೈತಿ" ಎಂದು ಅತ್ತಿ ತಟ್ಟೆ ಸರಿಸಿದಳು.

ಅಂದೇ ಹಸಿರುಮನೆ ಕಟ್ಟಬೇಕೆಂದು ನಿರ್ಧರಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು: ಕರೆಂಟಿನ ಖರ್ಚೇ ಇಲ್ಲದೆ ನಡೆಯುವ ಹಸಿರುಮನೆ. ಅದರಲ್ಲಿ ಹೇಳಿದ್ದನ್ನು ಅಕ್ಷರಶಃ ಮಾಡಿದೆ. ಪಕ್ಕದೂರು ಕೆಪೆಯಲ್ಲಿ ಕೆಡವಿದ ಮನೆಯೊಂದರ ಕಿಟಕಿ ಚೌಕಟ್ಟುಗಳನ್ನು ತಂದು ಗೋಡೆ ಮಾಡಿದೆ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದೆ. ಹಗಲಿನ ಬಿಸಿ ರಾತ್ರಿಗೆ ಉಳಿಯಲೆಂದು ನೀರಿನ ಬಾಟಲಿಗಳಿಗೆ ಕಪ್ಪು ಬಳಿದು ಸಾಲಾಗಿ ನಿಲ್ಲಿಸಿದೆ. ಒಂದು ಬಿರುಕೂ ಇರಬಾರದೆಂದು ವಿಡಿಯೋದ ಮನುಷ್ಯ ಹೇಳಿದ್ದ, ಟೇಪು ಅಂಟಿಸಿದೆ. ಅವನು ಉಣ್ಣೆಯ ಟೋಪಿ ಹಾಕಿಕೊಂಡಿದ್ದ. ಆ ಟೋಪಿ ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

"ಕಿತೆಂ ಗೋ ಹೆಂ?" ಏನೇ ಇದು ಎಂದು ಪಕ್ಕದ ಮನೆಯ ಶಾಂತಾಬಾಯಿ ಬೇಲಿಯಾಚೆಯಿಂದ ಕೊಂಕಣಿಯಲ್ಲಿ ಕೇಳಿದರು.

"ಕುಕ್ಕರ್" ಎಂದು ಅಪ್ಪ ನನಗಿಂತ ಮೊದಲೇ ಉತ್ತರ ಕೊಟ್ಟ.

ಕುಕ್ಕರೇ ಆಯಿತು. ಮೊದಲ ಸಲದ ಸಸಿಗಳು ಒಂದೇ ಮಧ್ಯಾಹ್ನದಲ್ಲಿ ಬೆಂದು ಮಲಗಿದವು. ಬಾಟಲಿಗಳನ್ನು ಹೊರಗಿಟ್ಟೆ, ಟೇಪು ಕಿತ್ತೆ, ಮೇಲೆ ಕೆಳಗೆ ಗಾಳಿಕಿಂಡಿ ಬಿಟ್ಟು ತೆಳು ಬಟ್ಟೆ ಕಟ್ಟಿದೆ. ಥರ್ಮಾಮೀಟರ್ ತೂಗುಹಾಕಿ, ಮಧ್ಯಾಹ್ನ ಆಫೀಸಿನಿಂದ ಊಟಕ್ಕೆ ಬಂದಾಗಲೂ ಸೇರಿ ದಿನಕ್ಕೆ ಮೂರು ಸಲ ಡೈರಿಯಲ್ಲಿ ಬರೆದಿಟ್ಟೆ. ಭಾನುವಾರ ಬಂದರೆ ಏಣಿ ಹಾಕಿ ಮಾಡಿನ ಧೂಳನ್ನು ಸೋಪು ಹಚ್ಚಿ ತೊಳೆಯುತ್ತಿದ್ದೆ, ಬೆಳಕು ಕಡಿಮೆಯಾಗಬಾರದಲ್ಲ. ಆದರೂ ಮಧ್ಯಾಹ್ನದ ಅಂಕಿ ನಲವತ್ತರಿಂದ ಇಳಿಯಲಿಲ್ಲ, ಎಲೆಗಳ ಅಂಚು ಸುಡುವುದು ನಿಲ್ಲಲಿಲ್ಲ.

"ಒಂದ ಫ್ಯಾನ್ ಇಡಬಾರದೇನು?" ಎಂದ ಅಪ್ಪ.

"ಕರೆಂಟ್ ಬ್ಯಾಡಂತನ ಇದನ್ನ ಕಟ್ಟೀನಿ" ಎಂದೆ. ಅಭಿಮಾನ ಅಷ್ಟಿತ್ತು, ಸೊಪ್ಪು ಇರಲಿಲ್ಲ.

ಯುಗಾದಿ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ನನಗೆ ಜ್ವರ ಬಂತು, ಎರಡು ಭಾನುವಾರ ಏಣಿ ಹತ್ತಲಾಗಲಿಲ್ಲ. ಅಂಕಿ ತಪ್ಪಬಾರದೆಂದು ನಾನು ಗೋಗರೆದದ್ದಕ್ಕೆ ಅತ್ತಿಯೇ ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಬಾಯಿಂದ ಥರ್ಮಾಮೀಟರ್ ತೆಗೆದು ಹೇಳಿದಳು, "ನಿನಗ ನೂರಾ ಎರಡು. ಅದಕ್ಕ ಮೂವತ್ತಾರು. ಅದ ನಿನಕಿಂತ ಆರಾಮ ಐತಿ."

ನಾನು ಎದ್ದು ಕೂತೆ. "ಮೂವತ್ತಾರೇನು? ಸರಿ ನೋಡೀಯೇನು ಅತ್ತಿ?"

"ಜನ್ಮೆಲ್ಲಾ ಗಣಿತ ಕಲಿಸೀನಿ. ಅಂಕಿ ಓದಾಕ ಬರ್ತೈತಿ ನನಗ."

ಚಾದರ ಹೊದ್ದುಕೊಂಡೇ ಹಿತ್ತಲಿಗೆ ಹೋದೆ. ಮಾಡು ಚಹಾದ ಬಣ್ಣಕ್ಕೆ ತಿರುಗಿತ್ತು. ಬಿಸಿಲು ಅದರಲ್ಲಿ ಸೋಸಿ ಇಳಿಯುತ್ತಿತ್ತು, ಕೆಳಗೆ ಹಕ್ಕರಕಿ ನೆಟ್ಟಗೆ ನಿಂತಿತ್ತು. ಎಲೆಯ ಮೇಲೆ ಬೇಡವಾದ ಧೂಳು ಮಾಡಿನ ಮೇಲೆ ಬೇಕಾಗಿತ್ತು. ಊರು ಪುಕ್ಕಟೆಯಾಗಿ ಕೊಡುತ್ತಿದ್ದ ನೆರಳನ್ನು ನಾನು ಸೋಪು ಹಚ್ಚಿ ತೊಳೆಯುತ್ತಿದ್ದೆ.

ಮುಂದಿನ ವಾರ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಹಕ್ಕರಕಿ. ಅತ್ತಿ ಅಗಿದಳು. ಅಪ್ಪನೂ ನಾನೂ ಕೈ ತೊಳೆದುಕೊಂಡು ಕೂತಿದ್ದೆವು, ತಿನ್ನಲಿಲ್ಲ.

"ಕರಕರ ಇಲ್ಲ" ಎಂದಳು. ಮತ್ತೆ ಅಗಿದಳು. "ಆದ್ರ ಸಪ್ಪಗೈತಿ. ನಮ್ಮ ಕಡೆ ಕಹಿ ಇದಕ್ಕಿಲ್ಲ."

ಇನ್ನು ಹೋಗುವುದೇ ಸೈ ಎಂದುಕೊಂಡೆ. ಆದರೆ ತನ್ನ ಪಾಲು ಮುಗಿಸಿ, ಅವಳು ನನ್ನ ತಟ್ಟೆಯದಕ್ಕೂ ಕೈ ಹಾಕಿದಳು. ಏನೆಂದು ತಿಳಿಯುವುದು?

ಯುಗಾದಿಗೆ ಎರಡು ದಿನವಿರುವಾಗ ಆಫೀಸಿನಿಂದ ಬಂದೆ. ಹಿತ್ತಲಲ್ಲಿ ಟಕ್ ಟಕ್ ಸದ್ದು. ಅತ್ತಿ ಟ್ರಂಕನ್ನು ಬೋರಲು ಹಾಕಿ ಅದರ ತಳಕ್ಕೆ ಮೊಳೆ ಹೊಡೆದು ತೂತು ಮಾಡುತ್ತಿದ್ದಳು. ಓಡಿಹೋಗಿ ಕಪಾಟು ತೆರೆದೆ. ಎರಡೂ ಖಾನೆಯಲ್ಲಿ ಸೀರೆಗಳು.

"ಬೇರ ಇಳ್ಯಾಕ ಆಳ ಸಾಲವಲ್ದು, ಅದಕ್ಕ ಕಹಿ ಬರವಲ್ದು. ಇದರಾಗ ಮಣ್ಣ ತುಂಬೂಣು" ಎಂದು ಟ್ರಂಕಿಗೆ ಹೇಳಿದಂತೆ ಹೇಳಿದಳು.

ಅಪ್ಪ ಮೊಳೆಯ ಡಬ್ಬಿ ಹಿಡಿದು ನಿಂತಿದ್ದ. "ಅಕ್ಕಾ, ಧಾರವಾಡಕ್ಕ ಹೋಗೂ ಮುಂದ ಸೀರಿ ಯಾವುದರಾಗ ಒಯ್ತಿ?"

"ಮೊದ್ಲ ಇನ್ನೊಂದ ಮೊಳಿ ಕೊಡು ಇಲ್ಲಿ" ಎಂದಳು ಅತ್ತಿ.

ಒಟ್ಟು ಹನ್ನೆರಡು ತೂತು. ಡೈರಿಯಲ್ಲಿ ಅಂದು ಉಷ್ಣಾಂಶ ಬರೆಯಲು ಮರೆತಿದ್ದೇನೆ, ಅದೊಂದೇ ದಿನ.

ಈಗ ಕಷ್ಟವೆಂದರೆ, ಮಳೆಗಾಲ ಪ್ರತಿವರ್ಷ ಮಾಡನ್ನು ತೊಳೆದುಬಿಡುತ್ತದೆ. ಮಳೆಗೆ ನಿಂತ ಲಾರಿಗಳು ಇನ್ನೂ ಹೊರಟಿಲ್ಲ, ಬಿಸಿಲು ಹೊರಟಿದೆ, ನಿನ್ನೆ ಮಧ್ಯಾಹ್ನ ಹಸಿರುಮನೆಯೊಳಗೆ ನಲವತ್ತೆರಡು. ಧೂಳಿಗೆ ಬೈಯುತ್ತಿದ್ದ ಅತ್ತಿ ಗೇಟಿನ ಬಳಿ ನಿಂತು ಲಾರಿ ಸದ್ದಿಗೆ ಕಿವಿ ಕೊಡುತ್ತಾಳೆ. ಸುಣ್ಣದ ನೀರು ಬಳಿಯೋಣ ಎನ್ನುತ್ತಾಳೆ. ಹಸಿಯಾಗಿ ತಿನ್ನುವ ಎಲೆಯ ಮೇಲೆ ಅದು ತೊಟ್ಟಿಕ್ಕಿದರೆ ಎಂದು ನನಗೆ ಹೆದರಿಕೆ. ಧೂಳಿನ ಹಾಗೆಯೇ ನೆರಳು ಕೊಟ್ಟು, ಮೊದಲ ಮಳೆಗೆ ಹೋಗಿಬಿಡುವ, ಬಾಯಿಗೆ ಬಾಧೆಯಿಲ್ಲದ ಲೇಪ ಯಾವುದಾದರೂ ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ತಡವಾದರೂ ಅಡ್ಡಿಯಿಲ್ಲ. ಅತ್ತಿ ಇಲ್ಲೇ ಇರುತ್ತಾಳೆ.