ಕರೆಯಲು ಬರುವ ತನಕ

ಯಾದಗಿರಿಯ ದವಾಖಾನೆಯಲ್ಲಿ ನಾನು ಕಾಯಿಲೆಗಾಗಿ ಮಲಗಿದ್ದಕ್ಕಿಂತ ಮರ್ಯಾದೆಗಾಗಿ ಮಲಗಿದ್ದೇ ಹೆಚ್ಚು. ನಿಜಾಮರ ಆಳ್ವಿಕೆ ಮುಗಿದಿತ್ತು, ನಾವು ಮಾತ್ರ ಇನ್ನೂ ಹೈದರಾಬಾದಿನ ಕಡೆಯವರೇ. ಕನ್ನಡದವರೆಲ್ಲ ಒಂದಾಗುತ್ತಾರಂತೆ, ನಾಳೆ ಆಗುತ್ತಾರಂತೆ ಎಂದು ರೋಗಿಗಳ ಕಡೆಯವರು ಕಟ್ಟೆಯ ಮೇಲೆ ಕೂತು ದಿನಾ ಮಾತಾಡುತ್ತಿದ್ದರು. ನನಗೆ ಬೇಕಾದದ್ದು ಅಷ್ಟು ದೊಡ್ಡದೇನಲ್ಲ. ರಾಮಸಮುದ್ರದ ಮನೆಯಲ್ಲಿ ನನ್ನ ಹತ್ತು ತಿಂಗಳ ಮಗನಿದ್ದ. ಎದೆಹಾಲು ಪೂರ್ತಿ ಬತ್ತುವ ಮೊದಲು, ಅವನು ನನ್ನನ್ನು ಮರೆಯುವ ಮೊದಲು ಅವನ ಹತ್ತಿರ ಹೋಗಬೇಕಿತ್ತು.

ವಿಷಮಜ್ವರ ಬಂದಾಗ ನಮ್ಮ ಮನೆಯವರು ಸುರಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನನ್ನನ್ನು ನೋಡಲೆಂದು ಶಹಾಪುರದ ತವರಿನಿಂದ ಬಂದಿದ್ದ ಅಣ್ಣನೇ ಗಾಡಿ ಕಟ್ಟಿಸಿ ಇಲ್ಲಿಗೆ ತಂದು ಸೇರಿಸಿದ. ಕೂಸನ್ನು ಅತ್ತೆ ಇಟ್ಟುಕೊಂಡರು. ಜ್ವರ ಇಳಿದ ಮೇಲೆ ಅಣ್ಣ ನಮ್ಮವ್ವನ ತಂಗಿಯನ್ನು, ಅಂದರೆ ಚಿಗವ್ವನನ್ನು, ನನ್ನ ಜೊತೆಗೆ ಬಿಟ್ಟು ಊರಿಗೆ ಹೋದ. ಒಂದು ಬೆಳಿಗ್ಗೆ ಡಾಕ್ಟರು ನಾಡಿ ಹಿಡಿದು ನೋಡಿ, "ನಿನಗ ಛುಟ್ಟಿ ಆತಮ್ಮ, ಮನಿಗಿ ಹೋಗು" ಅಂದರು. ನಾನು ಆಗಲೇ ತಲೆ ಬಾಚಿಕೊಂಡು, ಗಂಟು ಕಟ್ಟಿಕೊಂಡು ಕೂತೆ.

ಆದರೆ ನಮ್ಮ ಕಡೆ ಮದುವೆಯಾದ ಹೆಣ್ಣು ತಾನಾಗಿ ಎದ್ದು ಹೋಗುವುದಿಲ್ಲ. ಯಾರಾದರೂ ಕರೆಯಲು ಬರಬೇಕು, ಇದ್ದ ಕಡೆಯವರು ಕುಂಕುಮ ಹಚ್ಚಿ ಉಡಿ ತುಂಬಿ ಕಳಿಸಬೇಕು. ತವರಿಂದ ಗಂಡನ ಮನೆಗೆ ಯಾರು, ಗಂಡನ ಮನೆಯಿಂದ ತವರಿಗೆ ಯಾರು ಎಂಬುದು ಎಲ್ಲರಿಗೂ ಬಾಯಿಪಾಠ. ದವಾಖಾನೆಯಿಂದ ಯಾರು ಕರೆಯಬೇಕು ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಿ ಹೋಗಿರಲಿಲ್ಲ.

"ತವರಿನವರು ಕರಕೊಂಡು ಹೋಗ್ಯಾರ, ಅವರೇ ತಂದು ಮುಟ್ಟಿಸ್ಲಿ. ನಾವು ನಡುವ ಕೈ ಹಾಕಿದ್ರ ಬೀಗರಿಗಿ ಅವಮಾನ ಆಗ್ತದ" ಎಂದು ಅತ್ತೆ ಸಂತೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿದರು. "ಅವರ ಸೊಸಿ, ಅವರು ಬಂದು ಕರೀಲಿ. ನಾವಾಗಿ ಬಿಟ್ಟು ಬಂದ್ರ ಹೊರಿ ಇಳಿಸಿ ಹೋದ್ರು ಅಂತಾರ" ಎಂದು ಅಣ್ಣನ ಮಾತು ಬಂತು. ಸುರಪುರದಿಂದ ನಮ್ಮ ಮನೆಯವರು ಹೇಳಿ ಕಳಿಸಿದ್ದು, "ಹಿರೇರು ಹೆಂಗ ಅಂತಾರ ಹಂಗ." ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ನಮ್ಮ ಕೂಸು ಬೀಗರ ಮರ್ಯಾದೆಯಲ್ಲಿ ಬಡವಾಯಿತು. ನನಗಂತೂ ಎರಡೂ ಮನೆಯವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು.

ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು, ಪಲಂಗದ ಕಾಲು ದಾಟಿ ಗೋಡೆ ಹತ್ತುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ದೂರದಲ್ಲಿ ರೈಲು ಕೂಗಿದರೆ ಅದು ನಮ್ಮ ಹಿತ್ತಲಲ್ಲೇ ಬಂದು ನಿಂತಂತೆ ಅನಿಸುತ್ತಿತ್ತು. ನಾನು ಅರೆನಿದ್ದೆಯಲ್ಲಿ ಕೈ ಚಾಚಿ ತೊಟ್ಟಿಲು ತೂಗುತ್ತಿದ್ದೆ. ತೊಟ್ಟಿಲೊಳಗೆ ಮಗ ನಗುತ್ತಿದ್ದ, ಆದರೆ ಎಷ್ಟು ಬಗ್ಗಿದರೂ ಮುಖ ಕಾಣುತ್ತಿರಲಿಲ್ಲ, ಬರೀ ಎರಡು ಪಾದ. ಪಕ್ಕದ ಕೋಣೆಯಲ್ಲಿ ಯಾರದೋ ಕೂಸು ಅತ್ತಾಗ ಎದೆ ಜುಮ್ಮೆಂದು ಎಚ್ಚರವಾಗುತ್ತಿತ್ತು. ಮೊದಮೊದಲು ಕುಪ್ಪಸ ಒದ್ದೆಯಾಗುತ್ತಿತ್ತು. ಆಮೇಲೆ ಅದೂ ಕಡಿಮೆಯಾಯಿತು. ಬೆಳಿಗ್ಗೆ ಡಾಕ್ಟರು ಬಂದು, "ಇನ್ನಾ ಇಲ್ಲೇ ಅದೀ ಏನಮ್ಮ?" ಅಂದರೆ ಚಿಗವ್ವ ಅಡ್ಡ ಬಂದು, "ಭಾಳ ನಿಶ್ಶಕ್ತಿ ಆಗ್ಯಾದ್ರಿ ಸಾಹೇಬ್ರ" ಅನ್ನುತ್ತಿದ್ದಳು. ಸುಳ್ಳು ಹೇಳುವಾಗ ಅವಳು ನನಗೆ ಇನ್ನೊಂದು ಚಾದರ ಹೊದಿಸುತ್ತಿದ್ದಳು.

ಹೊರಗೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಒಬ್ಬ ಮುದುಕಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಒಳಗೆ ಪಲಂಗ ಖಾಲಿ ಇರಲಿಲ್ಲ. ರಾಮಸಮುದ್ರ ದಾಟಿ ಆಚೆಯ ಹಳ್ಳಿಯವಳು. ಅವಳ ಮಗ ಅಂಗಳದಲ್ಲಿ ಎತ್ತು ಬಿಚ್ಚಿ, ತಾಯಿಗೆ ಜಾಗ ಸಿಗುವುದನ್ನೇ ಕಾಯುತ್ತಿದ್ದ. ನಾನು ನೀರು ತರಲು ಹೋದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ನೆಟ್ಟಗ ನಡದಾಡಾಕತ್ತೀದಿ. ಮತ್ತ ಪಲಂಗ ಯಾಕ ಹಿಡದೀದಿ ತಂಗಿ?"

"ಕರಿಯಾಕ ಯಾರೂ ಬಂದಿಲ್ರಿ ಆಯಿ."

"ಕೂಸು?"

"ರಾಮಸಮುದ್ರದಾಗ ಅತ್ತಿ ಬಲ್ಲಿ ಅದ್ರಿ. ಹಾಲು ಬತ್ತಾಕತ್ಯಾದ" ಅಂದವಳೇ ನಾನು ಅಳಲು ಶುರು ಮಾಡಿದೆ.

ಮುದುಕಿ ನರಳುತ್ತಲೇ ಎದ್ದು ಕೂತಳು. ತನ್ನ ಗಂಟಿನಿಂದ ಕುಂಕುಮದ ಭರಣಿ ತೆಗೆದು ನನ್ನ ಹಣೆಗೆ ಹಚ್ಚಿದಳು. ಚಿಗವ್ವನಿಗೆ ಕೇಳಲಿ ಎಂದು ದನಿ ಏರಿಸಿ ಹೇಳಿದಳು, "ಏನ್ರೀ ಬೀಗತಿ, ಈಕಿನ ನಮ್ಮ ಮನಿಗಿ ಕರಿಯಾಕ ಬಂದೀನಿ. ಗಾಡಿ ತಂದೀನಿ. ದಾರ್ಯಾಗ ಆಕಿ ಮನಿ ಬಂತಂದ್ರ ಅಲ್ಲೇ ಇಳಕೊಳ್ಳಿ, ನಾ ಏನೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಕರೆಯಲು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಚಿಗವ್ವನ ಶಾಸ್ತ್ರದಲ್ಲೂ ಇರಲಿಲ್ಲ. ಅಕ್ಕಿ ಸಿಗದೆ, ದವಾಖಾನೆಯಲ್ಲಿ ಕೊಟ್ಟ ಬ್ರೆಡ್ಡನ್ನೇ ನನ್ನ ಉಡಿಗೆ ಹಾಕಿದಳು. ಮುದುಕಿಯನ್ನು ನಾವಿಬ್ಬರೂ ಹಿಡಿದು ನನ್ನ ಪಲಂಗದ ಮೇಲೆ ಮಲಗಿಸಿದೆವು. ಅವಳ ಆರೈಕೆಗೆ ಚಿಗವ್ವ ಅಲ್ಲೇ ಉಳಿದಳು. ನಾನು ಮುದುಕಿಯ ಮಗನ ಗಾಡಿ ಹತ್ತಿದೆ.

ಆ ದಾರಿ ನನಗೆ ಅರ್ಧ ಮಾತ್ರ ನೆನಪಿದೆ. ಎರಡೂ ಕಡೆ ಜೋಳ ತೆನೆಗೆ ಬಂದಿತ್ತು. ಗಾಡಿಯ ತೂಗಾಟಕ್ಕೆ ಹೊಲಗಳೇ ಹಿಂದಕ್ಕೆ ಹೋಗುತ್ತಿವೆ, ನಾನು ಇದ್ದಲ್ಲೇ ಇದ್ದೇನೆ ಅನಿಸುತ್ತಿತ್ತು. ಮಗನಿಗೆ ಏನೇನು ಹೇಳಬೇಕೆಂದು ಒಳಗೊಳಗೇ ಹೇಳಿಕೊಂಡು ನಗುತ್ತಿದ್ದೆ. ಬಹಳ ಸುಖವಾಗಿತ್ತು.

ಅತ್ತೆ ಮನೆಯ ಮುಂದೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲಲ್ಲಿ ಕಲಸಿದ ಅನ್ನ ತಿನ್ನಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ, "ಯಾರು ಕರಕೊಂಡು ಬಂದ್ರು?" ಅಂದರು. ನಾನು ಮಗನ ಕಡೆ ಕೈ ಚಾಚಿದೆ. ಮಗ ನನ್ನನ್ನು ಸುಮ್ಮನೆ ನೋಡಿದ. ಆಮೇಲೆ ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

"ಆಕಿ ನೋಡೋ, ನಿಮ್ಮವ್ವ" ಎನ್ನುತ್ತಾ ಅತ್ತೆ ಅವನನ್ನು ನನ್ನ ಮಡಿಲಿಗೆ ಹಾಕಿದರು. "ನಾನೇ ಬರಬೇಕಾಗಿತ್ತವ್ವಾ" ಅಂದರು. ಮಗ ಬೆನ್ನು ಬಿಲ್ಲಿನಂತೆ ಬಾಗಿಸಿ, ಎರಡೂ ಕೈ ಅವರ ಕಡೆ ಚಾಚಿ, ನಾನು ಹಿಂದೆಂದೂ ಕೇಳಿರದಷ್ಟು ಸ್ಪಷ್ಟವಾಗಿ "ಅವ್ವಾ" ಎಂದು ಕೂಗಿದ.

ನಾನು ಓ ಅಂದೆ. ಅವನು ತಿರುಗಿಯೂ ನೋಡಲಿಲ್ಲ.